ಸಂಚಾರ ಸಾಥಿ, ಸಿಮ್ ಬೈಂಡಿಂಗ್: ಕಳ್ಳನನ್ನು ಹಿಡಿಯಲು ಎಲ್ಲರ ಜೇಬಿಗೂ ಕೈ ಹಾಕಬೇಕಾ?

2025ರ ಡಿಸೆಂಬರ್ ಮೊದಲ ಮೂರು ದಿನ ಬಂದ ಸುದ್ದಿಗಳನ್ನು ಒಂದರ ಹಿಂದೆ ಒಂದು ಓದಿದವರಿಗೆ ಗೊಂದಲ ಆಗಿದ್ದರೆ ಆಶ್ಚರ್ಯವಿಲ್ಲ. ಹೊಸ ಮೊಬೈಲ್‌ಗಳಲ್ಲೆಲ್ಲ ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ ಆಪ್ ಕಡ್ಡಾಯ ಎಂಬ ಸುದ್ದಿ ಡಿಸೆಂಬರ್ 1ರಂದು ಬಂತು. ಮರುದಿನ ಸಂಪರ್ಕ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ, ಬೇಡ ಅಂದರೆ ಆಪನ್ನು ತೆಗೆದುಹಾಕಬಹುದು ಎಂದರು. ಡಿಸೆಂಬರ್ 3ರಂದು ಆ ಆದೇಶವನ್ನೇ ಸರ್ಕಾರ ವಾಪಸ್ ಪಡೆಯಿತು.

ಅಲ್ಲಿಗೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡರು. ಮುಗಿದಿಲ್ಲ. ಸಂಚಾರ ಸಾಥಿ ಆದೇಶ ಹೊರಟ ನವೆಂಬರ್ 28ರಂದೇ ದೂರಸಂಪರ್ಕ ಇಲಾಖೆ ಇನ್ನೊಂದು ಆದೇಶವನ್ನೂ ಹೊರಡಿಸಿತ್ತು. ಅದರ ಹೆಸರು ಸಿಮ್ ಬೈಂಡಿಂಗ್, ಅಂದರೆ ಆಪನ್ನು ಸಿಮ್‌ಗೆ ಕಟ್ಟಿಹಾಕುವುದು. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಬಳಸುವ ಎಲ್ಲರಿಗೂ ತಟ್ಟುವ ಆದೇಶ ಅದು. ಡಿಸೆಂಬರ್ 3ರಂದು ಹಿಂದಕ್ಕೆ ಹೋದದ್ದು ಆಪ್ ಆದೇಶ ಮಾತ್ರ, ಇದಲ್ಲ. ಎರಡರ ಹಿಂದೆಯೂ ಸರ್ಕಾರ ಕೊಟ್ಟ ಕಾರಣ ಒಂದೇ: ಸೈಬರ್ ವಂಚನೆ ತಡೆಯಬೇಕು. ಎರಡಕ್ಕೂ ಬಂದ ಆಕ್ಷೇಪವೂ ಒಂದೇ: ಹಾಗಂತ ಎಲ್ಲರ ಫೋನಿಗೂ ಕೈ ಹಾಕುವುದಾ?

ಆದೇಶದಲ್ಲಿ ಏನಿತ್ತು

ಸಂಚಾರ ಸಾಥಿ ಹೊಸದೇನಲ್ಲ. 2023ರ ಮೇ ತಿಂಗಳಲ್ಲಿ ವೆಬ್ ಪೋರ್ಟಲ್ ಆಗಿ ಶುರುವಾಯಿತು. ಕಳೆದುಹೋದ ಫೋನ್ ಬ್ಲಾಕ್ ಮಾಡಿಸುವ ಭಾಗವನ್ನು ಅದಕ್ಕೂ ಮೊದಲೇ ಪ್ರಯೋಗ ಮಾಡಿ ನೋಡಿದ ಕೆಲವು ವಲಯಗಳಲ್ಲಿ ಕರ್ನಾಟಕವೂ ಇತ್ತು. ಆಪ್ ಬಂದದ್ದು 2025ರ ಜನವರಿಯಲ್ಲಿ. ಅದು ಮಾಡುವ ಕೆಲಸ ನಿಜಕ್ಕೂ ಉಪಯೋಗದ್ದೇ. ಫೋನ್ ಕಳ್ಳತನವಾದರೆ ಅದರ 15 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಐಎಂಇಐ, ಕೊಟ್ಟು ಯಾವ ಕಂಪನಿಯ ನೆಟ್‌ವರ್ಕ್‌ನಲ್ಲೂ ಓಡದಂತೆ ಮಾಡಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ವಂಚನೆಯ ಕರೆ ಬಂದರೆ ದೂರು ಕೊಡಬಹುದು. ಸರ್ಕಾರದ ಲೆಕ್ಕದ ಪ್ರಕಾರ 7 ಲಕ್ಷಕ್ಕೂ ಹೆಚ್ಚು ಫೋನ್‌ಗಳು ಇದರಿಂದ ವಾಪಸ್ ಸಿಕ್ಕಿವೆ. ಕಂತು ಕಟ್ಟಿ ತಗೊಂಡ ಮೊಬೈಲ್ ಕಳೆದುಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಇಷ್ಟು ಒಳ್ಳೆಯ ಆಪ್‌ಗೆ ವಿರೋಧ ಯಾಕೆ ಬಂತು? ಆದೇಶದ ಮಾತುಗಳಿಂದ. 90 ದಿನದೊಳಗೆ ದೇಶದಲ್ಲಿ ತಯಾರಾಗುವ, ಆಮದಾಗುವ ಎಲ್ಲ ಮೊಬೈಲ್‌ಗಳಲ್ಲೂ ಆಪ್ ಮೊದಲೇ ಇರಬೇಕು. ಈಗಾಗಲೇ ಅಂಗಡಿ ಸೇರಿದ ಫೋನ್‌ಗಳಿಗೆ ಅಪ್‌ಡೇಟ್ ಮೂಲಕ ಕಳಿಸಬೇಕು. ಅದರ ಸೌಲಭ್ಯಗಳನ್ನು ನಿಷ್ಕ್ರಿಯಗೊಳಿಸುವಂತಿಲ್ಲ, ನಿರ್ಬಂಧಿಸುವಂತಿಲ್ಲ. ಈ ಕೊನೆಯ ಸಾಲು ಓದಿದ ಯಾರಿಗಾದರೂ ‘ಹಾಗಾದರೆ ನಾನು ತೆಗೆಯಲೂ ಆಗುವುದಿಲ್ಲ’ ಅಂತಲೇ ಅನಿಸುತ್ತದೆ. ಆ ಮಾತು ತಯಾರಕರಿಗೆ ಹೇಳಿದ್ದು, ಬಳಕೆದಾರರಿಗಲ್ಲ ಎಂದು ಸರ್ಕಾರ ಆಮೇಲೆ ವಿವರಣೆ ಕೊಟ್ಟಿತು. ಆದರೆ ಬಳಕೆದಾರ ತೆಗೆಯಬಹುದು ಎಂಬ ಮಾತನ್ನು ಆದೇಶದಲ್ಲೇ ಬರೆದಿದ್ದರೆ ಆ ವಿವರಣೆಯೇ ಬೇಕಾಗುತ್ತಿರಲಿಲ್ಲ.

ಸರ್ಕಾರದ ಆತಂಕ ಸುಳ್ಳಲ್ಲ

ಖಾಸಗಿತನದ ಪರ ಮಾತಾಡುವವರು ಕೆಲವು ಸಲ ಅಪರಾಧದ ಗಾತ್ರವನ್ನು ಹಗುರವಾಗಿ ದಾಟಿಬಿಡುತ್ತಾರೆ. ಅದು ತಪ್ಪು. 2023ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡ ಹಣ 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿ ಎಂದು ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿದೆ. ಒಂದೇ ವರ್ಷದಲ್ಲಿ ಮೂರು ಪಟ್ಟು. ಕರ್ನಾಟಕದಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಸೆನ್ ಠಾಣೆಗಳು ಸಾಲದೆ, 2025ರಲ್ಲಿ ಸೈಬರ್ ಅಪರಾಧಕ್ಕೆಂದೇ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ಮಾಡಬೇಕಾಯಿತು.

ಇದರಲ್ಲಿ ಅತಿ ಕ್ರೂರವಾದದ್ದು ‘ಡಿಜಿಟಲ್ ಅರೆಸ್ಟ್’. ಮೊದಲು ಒಂದು ಮಾಮೂಲಿ ಕರೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಕೊಟ್ಟು ಯಾರೋ ಮುಂಬೈಯಲ್ಲಿ ಖಾತೆ ತೆರೆದಿದ್ದಾರೆ. ಆಮೇಲೆ ಕರೆ ‘ಪೊಲೀಸ್ ಅಧಿಕಾರಿ’ಗೆ ಹೋಗುತ್ತದೆ. ವಿಡಿಯೋ ಕಾಲ್. ಮೈಮೇಲೆ ಖಾಕಿ, ಬೆನ್ನ ಹಿಂದೆ ಠಾಣೆಯ ಬೋರ್ಡು. ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ, ಕೋಣೆ ಬಿಟ್ಟು ಹೊರಗೆ ಹೋಗಬೇಡಿ. ನಿಮ್ಮ ದುಡ್ಡೆಲ್ಲ ‘ಪರಿಶೀಲನೆ’ಗೆ ಈ ಖಾತೆಗೆ ಹಾಕಿ, ತಪ್ಪಿಲ್ಲ ಅಂತಾದರೆ ವಾಪಸ್ ಬರುತ್ತದೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಆದರೆ ಹೆದರಿ ಕೂತವರಿಗೆ ಅದನ್ನು ಯೋಚಿಸುವಷ್ಟು ವ್ಯವಧಾನವನ್ನೇ ಆ ಕರೆ ಕೊಡುವುದಿಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದ್ದೇ ಒಂದು ಕರೆಯ ತುಣುಕನ್ನು ದೇಶಕ್ಕೆ ಕೇಳಿಸಿದರು. ಆ ಕರೆ ಬಂದಿದ್ದದ್ದು ನಮ್ಮ ವಿಜಯಪುರದ ಒಬ್ಬರಿಗೆ.

ಡಿಜಿಟಲ್ ಅರೆಸ್ಟ್ ಒಂದರಲ್ಲೇ ಸುಮಾರು 3,000 ಕೋಟಿ ಹೋಗಿದೆ ಎಂಬ ಮಾಹಿತಿ ನೋಡಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆಘಾತ ವ್ಯಕ್ತಪಡಿಸಿತು. ಡಿಸೆಂಬರ್ 1ರಂದು ದೇಶದಾದ್ಯಂತದ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಹೀಗಿರುವಾಗ ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಮಾಡಿದ್ದು ಸರಿಯಾದ ಜಾಗದಲ್ಲಾ ಎನ್ನುವುದು ಪ್ರಶ್ನೆ.

ಸಿಮ್ ಬೈಂಡಿಂಗ್: ಏನು, ಯಾಕೆ, ಯಾರಿಗೆ ಕಷ್ಟ

ಯುಪಿಐ ಆಪ್ ಮೊದಲ ಸಲ ಹಾಕಿಕೊಂಡಾಗ ‘ಸಿಮ್ 1 ಅಥವಾ ಸಿಮ್ 2 ಆಯ್ಕೆ ಮಾಡಿ’ ಅಂತ ಕೇಳಿ, ಫೋನಿನಿಂದ ತಾನೇ ಒಂದು ಎಸ್ಎಂಎಸ್ ಕಳಿಸುತ್ತದೆ, ಗಮನಿಸಿರಬಹುದು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮ ಅದು. ಆಪನ್ನು ಸಿಮ್‌ಗೆ ಕಟ್ಟಿಹಾಕುವುದೇ ಸಿಮ್ ಬೈಂಡಿಂಗ್.

ವಾಟ್ಸಾಪ್‌ನಲ್ಲಿ ಹೀಗಿಲ್ಲ. ಒಂದು ಸಲ ಒಟಿಪಿ ಹಾಕಿದರೆ ಆಯಿತು. ಆಮೇಲೆ ಸಿಮ್ ತೆಗೆದು ಬಿಸಾಡಿದರೂ ಆ ನಂಬರಿನ ವಾಟ್ಸಾಪ್ ಓಡುತ್ತಲೇ ಇರುತ್ತದೆ. ವಂಚಕರು ಹಿಡಿದಿರುವುದು ಇದೇ ಸಂದು. ಇಲ್ಲಿ ಬೇರೆಯವರ ಹೆಸರಿನಲ್ಲಿ ಸಿಮ್ ಕೊಳ್ಳುತ್ತಾರೆ, ಒಟಿಪಿ ಪಡೆದು ವಾಟ್ಸಾಪ್ ಶುರು ಮಾಡುತ್ತಾರೆ. ಆಮೇಲೆ ಕಾಂಬೋಡಿಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಕೂತು ಅದೇ +91 ನಂಬರಿನಿಂದ ಕರೆ ಮಾಡುತ್ತಾರೆ. ಪರದೆಯ ಮೇಲೆ ನಮ್ಮ ದೇಶದ ನಂಬರ್ ಕಾಣುವುದರಿಂದ ಕರೆ ತೆಗೆದವರಿಗೆ ಅನುಮಾನ ಬರುವುದಿಲ್ಲ. ಪೊಲೀಸರು ನಂಬರ್ ಹಿಂದೆ ಬಿದ್ದರೆ ಟವರ್ ದಾಖಲೆಯಲ್ಲಿ ಏನೂ ಸಿಗುವುದಿಲ್ಲ. ಸಿಮ್ ಯಾವ ಫೋನಿನಲ್ಲೂ ಇಲ್ಲವಲ್ಲ!

ಈ ಸಂದು ಮುಚ್ಚಲು ಆದೇಶ ಎರಡು ಕೆಲಸ ಹೇಳುತ್ತದೆ. ನೋಂದಾಯಿಸಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಆಪ್ ಓಡಬಾರದು. ಕಂಪ್ಯೂಟರಿನಲ್ಲಿ ತೆರೆಯುವ ವೆಬ್ ಆವೃತ್ತಿ ಹೆಚ್ಚೆಂದರೆ ಆರು ಗಂಟೆಗೊಮ್ಮೆ ತಾನೇ ಲಾಗೌಟ್ ಆಗಬೇಕು, ಮತ್ತೆ ಕ್ಯೂಆರ್ ಸ್ಕ್ಯಾನ್ ಮಾಡಬೇಕು. ಇದಕ್ಕೂ 90 ದಿನದ ಗಡುವು ಇತ್ತು. ಅಂದರೆ 2026ರ ಫೆಬ್ರವರಿ ಕೊನೆ.

ಕಾಗದದ ಮೇಲೆ ನೀಟಾಗಿದೆ. ಒಂದು ಝೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇರುತ್ತದೆ. ‘ಈ ನಂಬರಿಗೆ ಕಳ್ಸಿ’ ಅಂತ ಗೋಡೆಗೆ ಅಂಟಿಸಿರುತ್ತಾರೆ. ಮಾರ್ಕ್ಸ್ ಕಾರ್ಡ್, ಪಹಣಿ, ಹಾಲ್ ಟಿಕೆಟ್ ಎಲ್ಲ ಅಲ್ಲಿಗೇ ಬಂದು ಪ್ರಿಂಟ್ ಆಗುತ್ತವೆ. ಆ ನಂಬರಿನ ಫೋನ್ ಎಷ್ಟೋ ಸಲ ಮಾಲೀಕರ ಕೈಯಲ್ಲಿ, ಮನೆಯಲ್ಲೋ ಇನ್ನೊಂದು ಊರಲ್ಲೋ ಇರುತ್ತದೆ. ಅಂಗಡಿ ನೋಡಿಕೊಳ್ಳುವ ಹುಡುಗ ಮಧ್ಯಾಹ್ನ ಲಾಗೌಟ್ ಆದರೆ ಏನು ಮಾಡಬೇಕು? ಆಡಿಟರ್ ಕಚೇರಿ, ಟ್ರಾವೆಲ್ಸ್, ಬಟ್ಟೆ ಅಂಗಡಿಯ ಆರ್ಡರ್ ಕೌಂಟರ್, ಎಲ್ಲ ಕಡೆ ಇದೇ ಕತೆ.

ಇನ್ನೊಂದು ದೊಡ್ಡ ಗುಂಪು ಕೊಲ್ಲಿ ದೇಶಗಳಲ್ಲಿದೆ. ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈ, ಕತಾರ್‌ಗೆ ಹೋದವರು ಊರಿನ ನಂಬರಿನಲ್ಲೇ ವಾಟ್ಸಾಪ್ ಇಟ್ಟುಕೊಂಡಿರುತ್ತಾರೆ. ಮನೆಯವರಿಗೆ, ನೆಂಟರಿಗೆಲ್ಲ ಗೊತ್ತಿರುವುದು ಅದೇ ನಂಬರ್. ಭಾರತದ ಸಿಮ್ ಫೋನಿನಲ್ಲಿ ರೋಮಿಂಗ್‌ನಲ್ಲಿದ್ದರೆ ತೊಂದರೆಯಿಲ್ಲ ಎಂದು ಇಲಾಖೆ ಹೇಳಿದೆ. ಆದರೆ ಎಷ್ಟೋ ಜನರ ಭಾರತದ ಸಿಮ್ ಪರ್ಸಿನಲ್ಲೋ ಡ್ರಾಯರಿನಲ್ಲೋ ಇರುತ್ತದೆ. ಎರಡು ಸಿಮ್ ಹಿಡಿಯದ ಫೋನ್ ಇದ್ದವರು ಏನನ್ನಾದರೂ ಬಿಡಲೇಬೇಕು.

ಇಷ್ಟು ಕಷ್ಟಪಟ್ಟರೆ ವಂಚನೆ ನಿಲ್ಲುತ್ತದಾ? ಸ್ವಲ್ಪ ಕಮ್ಮಿಯಾಗಬಹುದು. ಸಿಮ್ ಇಲ್ಲದೆ ಓಡುವ ಖಾತೆಗಳು ಬೀಳುತ್ತವೆ, ಅದು ಲಾಭವೇ. ಆದರೆ ರೋಮಿಂಗ್‌ನಲ್ಲಿರುವ ಪ್ರಾಮಾಣಿಕ ಪ್ರಯಾಣಿಕನಿಗೆ ಬಿಟ್ಟ ದಾರಿ, ರೋಮಿಂಗ್ ಹಾಕಿಸಿದ ಸಿಮ್ಮನ್ನೇ ಹೊರದೇಶಕ್ಕೆ ಒಯ್ಯುವ ವಂಚಕನಿಗೂ ತೆರೆದಿರುತ್ತದೆ. ಬೇರೆಯವರ ಹೆಸರಿನ ಸಿಮ್ ಸಿಗುವುದು ನಿಲ್ಲದಿದ್ದರೆ, ಸಿಮ್ ಫೋನಿನಲ್ಲಿ ಇದೆಯೋ ಇಲ್ಲವೋ ಎಂದು ನೋಡಿ ಪೊಲೀಸರಿಗೆ ಸಿಗುವುದು ಇನ್ಯಾರದೋ ವಿಳಾಸ. ಎಷ್ಟೋ ಸಲ ಅದು ನೂರು ಇನ್ನೂರಕ್ಕೆ ಬೆರಳಚ್ಚು ಕೊಟ್ಟ ಕೂಲಿ ಕಾರ್ಮಿಕನ ಮನೆ.

ಕಳ್ಳನ ಬಂಡವಾಳವೇ ನಮ್ಮ ಮಾಹಿತಿ

ಈ ಚರ್ಚೆಯನ್ನು ಸಾಮಾನ್ಯವಾಗಿ ತಕ್ಕಡಿಯಂತೆ ಮುಂದಿಡುತ್ತಾರೆ. ಒಂದು ತಟ್ಟೆಯಲ್ಲಿ ಖಾಸಗಿತನ, ಇನ್ನೊಂದರಲ್ಲಿ ಸುರಕ್ಷತೆ. ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು. ಡಿಜಿಟಲ್ ಅರೆಸ್ಟ್ ಕರೆಯನ್ನು ಹತ್ತಿರದಿಂದ ನೋಡಿದರೆ ಈ ತಕ್ಕಡಿ ನಿಲ್ಲುವುದಿಲ್ಲ.

ಅಪರಿಚಿತನೊಬ್ಬ ‘ನಾನು ಪೊಲೀಸ್’ ಅಂದ ತಕ್ಷಣ ವಿದ್ಯಾವಂತರು, ನಿವೃತ್ತ ಅಧಿಕಾರಿಗಳು ಯಾಕೆ ನಂಬುತ್ತಾರೆ? ಅವನು ಹೆಸರು, ತಂದೆಯ ಹೆಸರು, ಮನೆ ವಿಳಾಸ, ಆಧಾರ್ ಸಂಖ್ಯೆ ಎಲ್ಲವನ್ನೂ ಪಟಪಟ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿರಬೇಕಾದರೆ ಇವನು ಸರ್ಕಾರದವನೇ ಇರಬೇಕು ಅನಿಸಿಬಿಡುತ್ತದೆ. ಅವನ ಖಾಕಿ ಬಾಡಿಗೆಗೆ ತಂದದ್ದು. ಅವನ ಬಾಯಲ್ಲಿರುವ ಮಾಹಿತಿ ಮಾತ್ರ ಅಸಲಿ.

ಅದು ಅವನಿಗೆ ಸಿಕ್ಕಿದ್ದು ಎಲ್ಲಿಂದ? 2023ರ ಜೂನ್‌ನಲ್ಲಿ ಟೆಲಿಗ್ರಾಂನ ಒಂದು ಬಾಟ್‌ಗೆ (ಕೇಳಿದ್ದಕ್ಕೆ ತಾನೇ ಉತ್ತರಿಸುವ ತಂತ್ರಾಂಶ) ಫೋನ್ ನಂಬರ್ ಕೊಟ್ಟರೆ, ಕೋವಿಡ್ ಲಸಿಕೆ ಪಡೆಯುವಾಗ ಕೊಟ್ಟಿದ್ದ ಗುರುತಿನ ಚೀಟಿ ಸಂಖ್ಯೆ, ಹುಟ್ಟಿದ ವಿವರ ಉತ್ತರವಾಗಿ ಬರುತ್ತಿತ್ತು. ಲಸಿಕೆಯ ನೋಂದಣಿ ನಡೆದ ಕೋವಿನ್ ಪೋರ್ಟಲ್ ಸುರಕ್ಷಿತವಾಗಿದೆ ಎಂದೇ ಸರ್ಕಾರ ಹೇಳಿತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಪಾಲಿಸಿ, ವೈದ್ಯಕೀಯ ವರದಿಗಳು ಅದೇ ಟೆಲಿಗ್ರಾಂ ಬಾಟ್‌ಗಳಲ್ಲಿ ಹರಿದಾಡಿದವು. 3 ಕೋಟಿಗೂ ಹೆಚ್ಚು ಜನರ ವಿವರ ತನ್ನ ಬಳಿ ಇದೆ ಎಂದು ಕದ್ದವನು ಹೇಳಿಕೊಂಡ.

ಇವು ದೊಡ್ಡ ಸೋರಿಕೆಗಳು. ಸಣ್ಣವು ದಿನಾ ಆಗುತ್ತವೆ. ಲಾಡ್ಜ್‌ನಲ್ಲಿ ರೂಮಿಗೆ, ಸಿಮ್ ಅಂಗಡಿಯಲ್ಲಿ, ಬಾಡಿಗೆ ಮನೆ ಕರಾರಿಗೆ, ಎಲ್ಲದಕ್ಕೂ ‘ಒಂದು ಆಧಾರ್ ಝೆರಾಕ್ಸ್ ಕೊಡಿ’. ಆ ಪ್ರತಿಗಳು ಆಮೇಲೆ ಎಲ್ಲಿ ಹೋಗುತ್ತವೆ ಅಂತ ಯಾರೂ ಕೇಳುವುದಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು: ಆಧಾರ್ ಝೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಅಂತ. ಒಳ್ಳೆಯ ಸಲಹೆ. ಎರಡೇ ದಿನದಲ್ಲಿ, ತಪ್ಪು ಅರ್ಥ ಬರಬಹುದು ಎಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಇವತ್ತಿಗೂ ಆ ಝೆರಾಕ್ಸ್ ಕೊಡುತ್ತಲೇ ಇದ್ದೇವೆ.

ಹಾಗಾಗಿ ಖಾಸಗಿತನ ಕಾಪಾಡುವುದು ಅಪರಾಧ ತಡೆಗೆ ಅಡ್ಡಿ ಎಂಬ ಮಾತನ್ನು ಒಪ್ಪುವುದು ಕಷ್ಟ. ಈ ಅಪರಾಧದ ಮಟ್ಟಿಗಂತೂ ಖಾಸಗಿತನ ಸೋರಿದ್ದೇ ಮೊದಲ ಕಾರಣ. ಮಾಹಿತಿ ಸೋರದಿದ್ದರೆ ಕರೆಗೆ ಬಲ ಬರುವುದಿಲ್ಲ. ಬಲ ಇಲ್ಲದ ಕರೆಯನ್ನು ಜನ ಎರಡೇ ನಿಮಿಷದಲ್ಲಿ ಕಟ್ ಮಾಡುತ್ತಾರೆ.

ಆಪ್ ಬಗ್ಗೆ ಭಯ ಸುಮ್ನೆ ಹುಟ್ಟಿದ್ದಲ್ಲ

ಸಂಚಾರ ಸಾಥಿ ಬೇಹುಗಾರಿಕೆಯ ಆಪ್ ಎನ್ನುವುದಕ್ಕೆ ಪುರಾವೆ ಇಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಕೇಳುವ ಅನುಮತಿಗಳ ಪಟ್ಟಿಯಲ್ಲಿ ಕರೆ ಮತ್ತು ಎಸ್ಎಂಎಸ್ ದಾಖಲೆ, ಫೋಟೊ, ಫೈಲು, ಕ್ಯಾಮೆರಾ ಇವೆ. ವಂಚನೆ ಕರೆಯ ಮೇಲೆ ದೂರು ಕೊಡಲು ಕರೆ ದಾಖಲೆ ಬೇಕು ಎಂಬ ಸಮಜಾಯಿಷಿ ಅರ್ಥವಾಗುತ್ತದೆ. ನಾವೇ ಬಯಸಿ ಹಾಕಿಕೊಂಡ ಆಪ್ ಇದನ್ನು ಕೇಳಿದರೆ ಕೊಡುವುದೋ ಬಿಡುವುದೋ ನಮಗೆ ಬಿಟ್ಟದ್ದು. ಕೋಟ್ಯಂತರ ಫೋನುಗಳಲ್ಲಿ ಮೊದಲೇ ಕೂತ, ಅಪ್‌ಡೇಟ್ ಆಗುತ್ತಾ ಹೋಗುವ ಆಪ್ ಬೇರೆ ಥರ. ಇವತ್ತು ಅದು ಏನು ಮಾಡುತ್ತದೆ ಅಂತ ನೋಡಿದರೆ ಸಾಲದು. ಮುಂದಿನ ಅಪ್‌ಡೇಟ್‌ನಲ್ಲಿ ಏನು ಮಾಡಬಹುದು, ಅದನ್ನು ತಡೆಯುವವರು ಯಾರು ಎಂದೂ ಕೇಳಬೇಕಾಗುತ್ತದೆ.

ಈ ಪ್ರಶ್ನೆ ಕೇಳಲು ನಮಗೆ ಕಾರಣಗಳಿವೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆ ಆರೋಪದ ನಡುವೆ. 2019ರಲ್ಲಿ ರಾಜ್ಯದಲ್ಲಿ ಮತ್ತೆ ಕದ್ದಾಲಿಕೆಯ ಆರೋಪ ಬಂದು ತನಿಖೆ ಸಿಬಿಐಗೆ ಹೋಯಿತು. 2021ರಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಬೇಹು ತಂತ್ರಾಂಶದ ವಿವಾದ ಎದ್ದಾಗ ಸುಪ್ರೀಂ ಕೋರ್ಟ್ ತಜ್ಞರ ಸಮಿತಿ ನೇಮಿಸಿತು. ಸಮಿತಿ ನೋಡಿದ 29 ಫೋನ್‌ಗಳಲ್ಲಿ 5ರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು ಕೋರ್ಟು ದಾಖಲಿಸಿತು. ಪಕ್ಷ ಯಾವುದೇ ಇರಲಿ, ಕೈಗೆ ಸಿಕ್ಕ ಸಾಧನ ಅಪರಾಧಿಗಳ ಮೇಲಷ್ಟೇ ಬಳಕೆಯಾಗುತ್ತದೆ ಎಂಬ ಭರವಸೆ ಜನರಲ್ಲಿ ಉಳಿದಿಲ್ಲ.

ಕದ್ದಾಲಿಕೆಗೆ ನಿಯಮ ಇಲ್ಲವೆಂದಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿಕೊಟ್ಟಿದೆ. ಗೃಹ ಕಾರ್ಯದರ್ಶಿ ಮಟ್ಟದ ಅಧಿಕಾರಿ ಆದೇಶ ಕೊಡಬೇಕು, ಒಂದು ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆದರೆ ಆ ಸಮಿತಿಯಲ್ಲಿರುವವರು ಅಧಿಕಾರಿಗಳೇ, ನ್ಯಾಯಾಧೀಶರಿಲ್ಲ. 2018ರಲ್ಲಿ, ದತ್ತಾಂಶ ಸಂರಕ್ಷಣೆ ಬಗ್ಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ತನ್ನ ವರದಿಯಲ್ಲಿ ತೋರಿಸಿದ ಲೆಕ್ಕ ನೋಡಿ. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ. ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟರೂ ಕನಿಷ್ಠ 250 ಗಂಟೆ ಬೇಕು. ಅದನ್ನು ಪರಿಶೀಲನೆ ಎಂದು ಕರೆಯಲು ಬರುವುದಿಲ್ಲ.

ಪೊಲೀಸರಿಗೆಂದು ಇಟ್ಟ ಬಾಗಿಲು

‘ನಾನು ತಪ್ಪು ಮಾಡಿಲ್ಲ, ಸರ್ಕಾರ ನೋಡಿದರೆ ನೋಡಲಿ ಬಿಡಿ’ ಎನ್ನುವವರು ತುಂಬಾ ಜನ. ಆ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ. ಸರ್ಕಾರಕ್ಕೆಂದು ತೆರೆದ ಬಾಗಿಲಲ್ಲಿ ಸರ್ಕಾರ ಮಾತ್ರ ಬರುತ್ತದೆ ಎಂಬ ನಂಬಿಕೆ. ಅಮೆರಿಕದ ಅನುಭವ ಬೇರೆ ಹೇಳುತ್ತದೆ. ಅಲ್ಲಿನ ದೂರವಾಣಿ ಕಂಪನಿಗಳು ಪೊಲೀಸರ ಕದ್ದಾಲಿಕೆಗೆ ಅನುಕೂಲವಾಗುವ ವ್ಯವಸ್ಥೆ ಇಟ್ಟುಕೊಂಡಿರಬೇಕು ಎಂದು ಕಾನೂನೇ ಇದೆ. 2024ರಲ್ಲಿ ‘ಸಾಲ್ಟ್ ಟೈಫೂನ್’ ಎಂದು ಹೆಸರಿಸಲಾದ ಚೀನಾ ಬೆಂಬಲದ ಹ್ಯಾಕರ್‌ಗಳು ಎಟಿ ಅಂಡ್ ಟಿ, ವೆರಿಝಾನ್‌ನಂಥ ಕಂಪನಿಗಳಿಗೆ ನುಗ್ಗಿ ಆ ವ್ಯವಸ್ಥೆಗೇ ಕೈ ಹಾಕಿದ್ದು ಬಯಲಾಯಿತು. ಕೊನೆಗೆ ಎನ್‌ಕ್ರಿಪ್ಟ್ ಆದ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರೆಯವರು ಓದಲಾಗದ, ಮೆಸೇಜಿಂಗ್ ಆಪ್ ಬಳಸಿ ಎಂದು ಅಮೆರಿಕದ ಅಧಿಕಾರಿಗಳೇ ಜನರಿಗೆ ಹೇಳಬೇಕಾಯಿತು. ವರ್ಷಗಟ್ಟಲೆ ಎನ್‌ಕ್ರಿಪ್ಷನ್ ಪೊಲೀಸರಿಗೆ ಅಡ್ಡಿ ಎನ್ನುತ್ತಿದ್ದ ದೇಶ ಅದು.

ದೇಶದ ಎಲ್ಲ ಫೋನುಗಳಲ್ಲೂ ಒಂದೇ ಆಪ್ ಇರುವುದು ಇದೇ ಥರದ ಅಪಾಯ. ಅದರಲ್ಲಿ ಒಂದು ದೋಷ ಸಿಕ್ಕರೆ ಎಲ್ಲ ಫೋನೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಕಾನೂನು ಏನು ಕೇಳುತ್ತದೆ

ಇಂಥ ಜಗಳ ಬಿಡಿಸಲು ನಮ್ಮಲ್ಲಿ ಅಳತೆಗೋಲು ಇದೆ. ಅದನ್ನು ತಂದುಕೊಟ್ಟವರಲ್ಲಿ ಮೊದಲಿಗರು ಕನ್ನಡಿಗರು ಎನ್ನುವುದು ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. 2024ರಲ್ಲಿ ಪುಟ್ಟಸ್ವಾಮಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಇವತ್ತು ಇಂಥ ಎಲ್ಲ ಮೊಕದ್ದಮೆಗಳ ತಳಪಾಯ.

ಆ ಹಕ್ಕು ಮಿತಿಯಿಲ್ಲದ್ದೇನಲ್ಲ. ಸರ್ಕಾರ ಮಧ್ಯೆ ಬರಬಹುದು. ಆದರೆ ಅದಕ್ಕೊಂದು ಕಾನೂನು ಇರಬೇಕು, ನಿಜವಾದ ಅಗತ್ಯ ಇರಬೇಕು, ಮಾಡುವ ಕ್ರಮ ಆ ಅಗತ್ಯದ ಅಳತೆಗೆ ತಕ್ಕಷ್ಟೇ ಇರಬೇಕು. ಸಂಚಾರ ಸಾಥಿ ಆದೇಶವನ್ನು ಇದರಲ್ಲಿ ಅಳೆದು ನೋಡಬಹುದು. ಅಗತ್ಯ ಇದೆ, ಅನುಮಾನವಿಲ್ಲ. ಕಾನೂನಿನ ಆಧಾರವಾಗಿ ಇಲಾಖೆ ತೋರಿಸಿದ್ದು ತಾನೇ ಮಾಡಿದ 2024ರ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳನ್ನು. ಎಲ್ಲರ ಫೋನಿಗೆ ಆಪ್ ಹಾಕಿಸುವಷ್ಟು ಅಧಿಕಾರ ಅದರಲ್ಲಿದೆಯಾ ಎಂಬುದು ಕೋರ್ಟಿಗೆ ಹೋಗಿದ್ದರೆ ಗಂಭೀರ ಚರ್ಚೆಯಾಗುತ್ತಿತ್ತು.

ಆದೇಶ ನಿಜವಾಗಿ ಎಡವುವುದು ಮೂರನೇ ಅಳತೆಯಲ್ಲಿ. ಅದೇ ಕೆಲಸ ಕಡಿಮೆ ತೊಂದರೆಯಲ್ಲಿ ಆಗುವಂತಿದ್ದರೆ ದೊಡ್ಡ ತೊಂದರೆ ಕೊಡುವಂತಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ ಅದು ಕದ್ದ ಮಾಲಾ ಅಂತ ನೋಡಬೇಕೆ? *#06# ಒತ್ತಿದರೆ ಐಎಂಇಐ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಮುಂದೆ ಆ ಸಂಖ್ಯೆ ಬರೆದು 14422ಕ್ಕೆ ಎಸ್ಎಂಎಸ್ ಮಾಡಿದರೆ ಉತ್ತರ ಬರುತ್ತದೆ. ಆಪೇ ಬೇಕಿಲ್ಲ. ಪೋರ್ಟಲ್‌ನಲ್ಲೂ ಎಲ್ಲ ಸೌಲಭ್ಯ ಇದೆ. ಕಡ್ಡಾಯ ತೆಗೆದ ದಿನ ಸರ್ಕಾರವೇ ಹೇಳಿದ ಲೆಕ್ಕ ಇನ್ನೂ ಕುತೂಹಲದ್ದು. ಅದಾಗಲೇ 1.4 ಕೋಟಿ ಜನ ಆಪನ್ನು ತಾವಾಗಿ ಹಾಕಿಕೊಂಡಿದ್ದರು. ಹಿಂದಿನ ಒಂದೇ ದಿನ 6 ಲಕ್ಷ ಜನ ನೋಂದಾಯಿಸಿದ್ದರು. ಒತ್ತಾಯ ಇಲ್ಲದೆಯೇ ಜನ ಬರುತ್ತಿದ್ದರು.

ಜೇಬಿಗೆ ಕೈ ಹಾಕದೆ ಆದ ಕೆಲಸ

2024ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಂದು ವ್ಯವಸ್ಥೆ ತಂದಿತು. ಹೊರದೇಶದಿಂದ ಬರುವ ಕರೆ +91 ನಂಬರಿನ ವೇಷ ಹಾಕಿಕೊಂಡಿದ್ದರೆ, ಆ ನಂಬರ್ ನಿಜಕ್ಕೂ ಹೊರದೇಶದಲ್ಲಿ ರೋಮಿಂಗ್‌ನಲ್ಲಿದೆಯಾ ಎಂದು ನೆಟ್‌ವರ್ಕ್‌ನ ಬಾಗಿಲಲ್ಲೇ ನೋಡುತ್ತದೆ. ಇಲ್ಲದಿದ್ದರೆ ಕರೆ ಅಲ್ಲೇ ಕಟ್. ಶುರುವಾದ ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆಗಳು ಹೀಗೆ ಸಿಕ್ಕಿಬಿದ್ದವು. ಯಾರ ಫೋನಿಗೂ ಆಪ್ ಹಾಕಲಿಲ್ಲ, ಯಾರ ಮಾತನ್ನೂ ಕೇಳಲಿಲ್ಲ. ಕಳ್ಳ ಬರುವ ದಾರಿಗೆ ಗೇಟು ಹಾಕಿದರು, ಅಷ್ಟೇ. ಆಮೇಲೆ ವಂಚಕರು ವಾಟ್ಸಾಪ್ ಕಡೆಗೆ ಇನ್ನೂ ಜಾಸ್ತಿ ವಾಲಿದ್ದರೆ ಅದೂ ಸಹಜವೇ. ಸಿಮ್ ಬೈಂಡಿಂಗ್ ಯೋಚನೆ ಯಾಕೆ ಬಂತು ಎಂಬುದಕ್ಕೆ ಇದೂ ಒಂದು ಉತ್ತರ.

ಆದರೆ ಕರೆ ಹೇಗೇ ಬರಲಿ, ಕೊನೆಗೆ ಹಣ ಹೋಗಬೇಕಾದದ್ದು ಬ್ಯಾಂಕಿನ ಮೂಲಕ. ಬೆಂಗಳೂರಿನ ಒಬ್ಬ ಮಹಿಳೆ ಡಿಜಿಟಲ್ ಅರೆಸ್ಟ್‌ನಲ್ಲಿ 31.83 ಕೋಟಿ ರೂಪಾಯಿ ಕಳೆದುಕೊಂಡ ಸುದ್ದಿ 2025ರ ನವೆಂಬರ್‌ನಲ್ಲಿ ಬಂತು. ಆ ಹಣ ಹೋದದ್ದು 187 ಸಲ, ತಿಂಗಳುಗಟ್ಟಲೆ. ಠೇವಣಿ ಮುರಿದು ಮುರಿದು ಹೊಸ ಹೊಸ ಖಾತೆಗೆ ಕೋಟಿಗಟ್ಟಲೆ ಹೋಗುವಾಗ ವ್ಯವಸ್ಥೆಯಲ್ಲಿ ಎಲ್ಲಾದರೂ ಗಂಟೆ ಬಾರಿಸಬೇಕಿತ್ತು ಅಲ್ವಾ? ವಂಚಕನ ಕಡೆ ಹಣ ಬೀಳುವುದು ಬಾಡಿಗೆ ಖಾತೆಗಳಿಗೆ. ಸಣ್ಣ ಕಮಿಷನ್‌ಗೆ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಎಲ್ಲ ಕೊಟ್ಟುಬಿಟ್ಟವರ ಖಾತೆಗಳು. ನಿನ್ನೆವರೆಗೆ ಸಾವಿರ ದಾಟದ ಖಾತೆಗೆ ಇವತ್ತು 50 ಲಕ್ಷ ಬಿದ್ದು, ಕ್ಷಣದಲ್ಲಿ 20 ಕಡೆ ಹಂಚಿಹೋದರೆ ಅದನ್ನು ಹಿಡಿಯಲು ಯಾರ ವಾಟ್ಸಾಪನ್ನೂ ನೋಡಬೇಕಿಲ್ಲ. ಇಂಥ ಖಾತೆಗಳನ್ನು ಗುರುತಿಸಿ ತಡೆಯಲು ತಂತ್ರಜ್ಞಾನ ಯಾಕೆ ಬಳಸುತ್ತಿಲ್ಲ ಎಂದು ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕನ್ನು ಕೇಳಿದೆ. ಆ ದಿನದ ಅತಿ ಮುಖ್ಯ ಪ್ರಶ್ನೆ ಅದೇ ಆಗಿತ್ತು. ಆಪ್ ಗಲಾಟೆಯಲ್ಲಿ ಅದು ಮುಚ್ಚಿಹೋಯಿತು.

ಹಣದ ದಾರಿಯಲ್ಲಿ ತಡೆದರೆ ಫಲ ಇದೆ ಎನ್ನುವುದಕ್ಕೆ 1930 ಸಹಾಯವಾಣಿಯೇ ಸಾಕ್ಷಿ. ವಂಚನೆಯಾದ ಕೂಡಲೇ ಅದಕ್ಕೆ ಕರೆ ಮಾಡಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯಬಹುದು. ಈ ವ್ಯವಸ್ಥೆಯಿಂದ 2025ರ ಮಧ್ಯದವರೆಗೆ ಸುಮಾರು 5,500 ಕೋಟಿ ಉಳಿದಿದೆ.

90 ದಿನ, 18 ತಿಂಗಳು

ಕರೆ ಎಲ್ಲಿಂದ ಬಂತು ಎಂದು ಇನ್ನೂ ನಿಖರವಾಗಿ ತಿಳಿಯಲು ಫೋನಿನ ಜಿಪಿಎಸ್ ಸದಾ ಆನ್ ಇರಬೇಕು ಎಂಬ ದೂರಸಂಪರ್ಕ ಕಂಪನಿಗಳ ಪ್ರಸ್ತಾವವೂ ಸರ್ಕಾರದ ಮುಂದಿದೆ ಎಂದು 2025ರ ಡಿಸೆಂಬರ್‌ನಲ್ಲಿ ವರದಿಯಾಯಿತು. ಆಪಲ್, ಗೂಗಲ್, ಸ್ಯಾಮ್ಸಂಗ್ ಅದನ್ನು ವಿರೋಧಿಸಿವೆ. ಅಂದರೆ ಒಂದು ಆದೇಶ ವಾಪಸ್ ಹೋದರೂ ಅದರ ಹಿಂದಿನ ಯೋಚನೆ ವಾಪಸ್ ಹೋಗಿಲ್ಲ.

ಇದಕ್ಕೆಲ್ಲ ತಡೆಗೋಡೆ ಆಗಬೇಕಿದ್ದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದ ಕಂಪನಿಗೆ 250 ಕೋಟಿವರೆಗೆ ದಂಡ ಹಾಕಬಹುದು ಎನ್ನುತ್ತದೆ ಅದು. ಆದರೆ ಅದೇ ಕಾಯ್ದೆಯ 17ನೇ ಕಲಮು, ಕೇಂದ್ರ ಸರ್ಕಾರಕ್ಕೆ ತಾನು ಹೆಸರಿಸುವ ಸರ್ಕಾರಿ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ ಕೊಡುವ ಅಧಿಕಾರ ಕೊಟ್ಟಿದೆ. ಅಪರಾಧ ತಡೆ, ತನಿಖೆಗೂ ದೊಡ್ಡ ರಿಯಾಯಿತಿ ಇದೆ.

ಕಾಯ್ದೆ ಪಾಸಾಗಿ ಎರಡು ವರ್ಷ ದಾಟಿದ ಮೇಲೆ, 2025ರ ನವೆಂಬರ್ ಮಧ್ಯದಲ್ಲಿ ಅದರ ನಿಯಮಗಳು ಬಂದವು. ಸಂಚಾರ ಸಾಥಿ ಆದೇಶಕ್ಕೆ ಎರಡು ವಾರ ಮೊದಲು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ವಿವರ ಕೊಡುವುದನ್ನು ಬಿಗಿ ಮಾಡಿದ ತಿದ್ದುಪಡಿ ಕೂಡಲೇ ಜಾರಿಗೆ ಬಂತು. ನಮ್ಮ ಮಾಹಿತಿ ಸೋರಿದರೆ ಕಂಪನಿ ನಮಗೇ ತಿಳಿಸಬೇಕು ಎಂಬ ನಿಯಮಕ್ಕೆ ಮಾತ್ರ 18 ತಿಂಗಳ ಕಾಲಾವಕಾಶ ಸಿಕ್ಕಿತು. ಸಿಮ್ ಬೈಂಡಿಂಗ್ 2026ರ ಫೆಬ್ರವರಿಗೆ ಬರಬೇಕು ಎಂದಿದ್ದ ಸರ್ಕಾರವೇ ಸೋರಿಕೆಯ ಹೊಣೆಯನ್ನು 2027ರ ಮೇ ತಿಂಗಳಿಗೆ ಇಟ್ಟಿದೆ. ಅಲ್ಲಿಯವರೆಗೆ ವಿಮಾ ಕಂಪನಿಯಿಂದಲೋ ಆಸ್ಪತ್ರೆಯಿಂದಲೋ ಆಧಾರ್ ಸಂಖ್ಯೆ, ಮನೆ ವಿಳಾಸ ಹೊರಬಿದ್ದರೆ, ಅದು ಎಷ್ಟೋ ಜನರಿಗೆ ಗೊತ್ತಾಗುವುದು ಖಾಕಿ ಹಾಕಿದವನೊಬ್ಬ ವಿಡಿಯೋ ಕಾಲ್‌ನಲ್ಲಿ ಅದನ್ನು ಓದಿ ಹೇಳಿದಾಗಲೇ.